ತಲೆಯೆತ್ತಿದ ಹುಳುಗಳು

೪ ಫೆಬ್ರವರಿ ೧೯೮೪, ಶನಿವಾರ. ಮಾಗಡಿ

ಮಹಾಜನರೇ! ಮುಂದಿನ ಚಾಪೆಯಲ್ಲಿ ಕಾಲು ಚಾಚಿ ಕುಳಿತ ಹಿರಿಯರೇ, ಗಾಡಿಯ ಮೂಕಿಯ ಮೇಲೆ ಏರಿ ಕುಳಿತ ಗಂಡುಗಲಿಗಳೇ, ಕಡಲೆಕಾಯಿ ಸುಲಿಯುತ್ತ ಪಕ್ಕದವಳ ಸೊಸೆಯ ಸಂಗತಿ ಕೇಳುತ್ತಿರುವ ತಾಯಂದಿರೇ, ಹುಣಸೆಕೊಂಬೆಯಲ್ಲಿ ಪುಕ್ಕಟೆ ತೂಗಾಡುತ್ತಿರುವ ಮಹನೀಯರೇ! ಗದ್ದಲ ನಿಲ್ಲಲಿ. ತಬಲ ಒಂದು ಕ್ಷಣ ಬಾಯಿ ಮುಚ್ಚಲಿ. ಪುಟ್ಟಲಿಂಗಯ್ಯ ಮೇಷ್ಟ್ರು ಪ್ರವೇಶ ಮಾಡುತ್ತಿದ್ದಾರೆ.

ಎದುರಿಗೆ ಯಾರೂ ಇಲ್ಲವೆಂದು ನನಗೆ ಗೊತ್ತು. ಇದು ಪೇಟೆಬೀದಿಯಲ್ಲಿ ಕೊಂಡ ನೂರು ಪುಟದ ನೋಟ್‌ಬುಕ್ಕು. ನನ್ನ ಹೊರತು ಇದನ್ನು ಓದುವವರೂ ಇಲ್ಲ. ಆದರೆ ಮೂವತ್ತು ವರ್ಷ ಊರೂರಿಗೆ ನಾಟಕ ಕಲಿಸಿದ ಬಾಯಿ ಇದು; ಹೀಗೆ ಕೂಗಿ ಕರೆಯದೆ ಅದಕ್ಕೆ ಒಂದು ಸಾಲೂ ಹುಟ್ಟುವುದಿಲ್ಲ. ನಾನು ರಾಜಪಾರ್ಟು ಕಟ್ಟಿ ಗುಡುಗಿದರೆ ಪೆಟ್ರೋಮ್ಯಾಕ್ಸಿನ ಮ್ಯಾಂಟ್ಲು ಉದುರುತ್ತದೆಂದು ಕುದೂರು ಕಡೆಯವರು ಈಗಲೂ ಹೇಳುತ್ತಾರೆ. ಅವರು ಮರೆತ ಕಡೆ ನಾನೇ ಹೇಳುತ್ತೇನೆ.

ಅಂಥವನಿಗೆ ಈ ವರ್ಷ ಒಂದೂರೂ ವೀಳ್ಯ ಕೊಟ್ಟಿಲ್ಲ. ಊರಿನ ಹಿರಿಯರು ಹರಿವಾಣದಲ್ಲಿ ಎಲೆ ಅಡಿಕೆ ಇಟ್ಟು ಮೇಷ್ಟ್ರ ಕೈಗೆ ಕೊಟ್ಟರೆ ನಾಟಕ ಗಟ್ಟಿಯಾದಂತೆ, ಆಮೇಲೆ ಹಿಂದೆಗೆಯುವಂತಿಲ್ಲ. ಸಂಕ್ರಾಂತಿಗೆ ಮೊದಲೇ ಮೂರು ಊರಿನ ವೀಳ್ಯ ಹಿಡಿಯುತ್ತಿದ್ದವನು ನಾನು. ಈಗ ಎಲ್ಲಿ ಹೋದರೂ ರೇಷ್ಮೆ. ಯಾವ ಹೊಲ ನೋಡಿದರೂ ಹಿಪ್ಪುನೇರಳೆ, ಯಾವ ಮನೆ ನೋಡಿದರೂ ಹುಳು. ಸಂಜೆ ತಾಲೀಮಿಗೆ ಬನ್ನಿ ಎಂದರೆ ಸೊಪ್ಪು ಹಾಕಬೇಕು ಎನ್ನುತ್ತಾರೆ. ನಾಯಕಿಯ ಪಾತ್ರಕ್ಕೆಂದೇ ಮೀಸೆ ಬೋಳಿಸುತ್ತಿದ್ದ ಹುಡುಗರು ಮೀಸೆ ಬಿಟ್ಟುಕೊಂಡು ಗೂಡಿನ ರೇಟು ಮಾತಾಡುತ್ತಾರೆ.

ನನ್ನ ಮನೆಯಾಕೆ ಸರಸಮ್ಮ ಇವತ್ತು ಬುತ್ತಿ ಕಟ್ಟಿ ಕೈಗೆ ಕೊಟ್ಟು ತೀರ್ಪು ಹೇಳಿದಳು: “ಈ ಸುತ್ತು ನಡ್ಕಂಡು ಬನ್ನಿ. ಒಂದೂರು ಸಿಕ್ಕುದ್ರೆ ನಿಮ್ಮ ಹಾರ್ಮೋನಿಯಮ್ಮಿಗೆ ನಾನೇ ಹೂ ಮುಡುಸ್ತೀನಿ. ಸಿಗದೆ ಹೋದ್ರೆ ರಾಮನಗರಕ್ಕೆ ಹೋಗಿ ತಾಜ್ ಪಾಷಣ್ಣನ ಗೂಡು ಬೇಯ್ಸೋ ಒಲೆ ಮುಂದೆ ಕುಂತ್ಕಳಿ. ಅಲ್ಲಿ ಬೇಕಾದಂಗೆ ಗುಡುಗಿ, ಚರಕದ ಸದ್ದಲ್ಲಿ ಯಾರಿಗೂ ಕೇಳಕಿಲ್ಲ.”

ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಬಸ್ಸು ಊರ ಗೇಟಿನಲ್ಲಿ ನಿಲ್ಲುತ್ತದೆ, ವೀಳ್ಯ ಕೊಡುವವರು ಒಳಗಿನ ಜಗಲಿಯಲ್ಲಿ ಕೂತಿರುತ್ತಾರೆ. ಮೇಷ್ಟ್ರಾದವನು ನಡೆದೇ ಊರು ಹೊಗಬೇಕೆಂದು ನನ್ನ ಗುರುಗಳ ಕಟ್ಟಪ್ಪಣೆ. ಚೀಲದಲ್ಲಿ ಎರಡು ಪಂಚೆ, ಈ ಪುಸ್ತಕ, ಒಂದು ಜೊತೆ ತಾಳ. ಜೇಬಿನಲ್ಲಿ ನಶ್ಯದ ಡಬ್ಬಿ. ಮಾತಿಗೆ ಮುಂಚೆ ಒಂದು ಚಿಟಿಕೆ ಏರಿಸದಿದ್ದರೆ ನನ್ನ ಕಂಠ ತೆರೆಯುವುದಿಲ್ಲ. ಗಾಯಕನಿಗೆ ಶುಂಠಿ ಕಷಾಯವಿದ್ದ ಹಾಗೆ ನನಗೆ ಅದು.

ಪರದೆ ಏಳಲಿ.

೬ ಫೆಬ್ರವರಿ, ಸೋಮವಾರ. ರಾಮನಗರ

ಸಭಾಸದರೇ, ಎರಡು ದಿನ, ಹನ್ನೊಂದು ಊರು, ವೀಳ್ಯ ಸೊನ್ನೆ. ಆ ಎರಡು ದಿನದ ಪ್ರಸಂಗವನ್ನು ಕತ್ತರಿಸಿ ಬಿಸಾಕಿದ್ದೇನೆ, ಕೇಳಬೇಡಿ.

ಇಲ್ಲಿ ತಾಜ್ ಪಾಷಾ ಅವರ ರೀಲಿಂಗ್ ಶೆಡ್ಡಿನ ಹೊರಗೆ ಮಲಗಲು ಜಾಗ ಸಿಕ್ಕಿತು. ಈತ ಗೂಡು ಕೊಂಡು ನೂಲು ತೆಗೆಸುವವರು. ಒಳಗೆ ಹೋಗಿ ನೋಡಿದೆ. ಕುದಿಯುವ ನೀರಿನಲ್ಲಿ ಹಳದಿ ಗೂಡುಗಳು ಕುಣಿಯುತ್ತವೆ, ಒಬ್ಬ ಹೆಂಗಸು ಕಣ್ಣಿಗೆ ಕಾಣದ ಎಳೆಯನ್ನು ಬೆರಳ ತುದಿಯಿಂದ ಹುಡುಕಿ ಹಿಡಿಯುತ್ತಾಳೆ. ಒಂದು ಗೂಡಿನಲ್ಲಿ ಒಂದೇ ಎಳೆಯೇ, ಮಧ್ಯೆ ತುಂಡಾದರೆ ಏನು ಮಾಡುತ್ತೀರಿ, ಒಳಗಿನ ಹುಳು ಏನಾಗುತ್ತದೆ, ಎಂದು ಕೇಳುತ್ತಲೇ ಹೋದೆ. ಆಕೆ ಕೊನೆಗೆ, ಮೇಷ್ಟ್ರೇ ನೀವು ಕೆಲಸಕ್ಕೆ ಬಂದಿದ್ದೀರೋ ಪರೀಕ್ಷೆ ತೆಗೆದುಕೊಳ್ಳಲು ಬಂದಿದ್ದೀರೋ ಎಂದಳು.

ತಾಜ್ ಪಾಷಾ ಹಳೆಯ ಪ್ರೇಕ್ಷಕರು. ನಾನು ಸತ್ತು ಬೀಳುವ ದೃಶ್ಯಕ್ಕೆ ಒಂದು ಕಾಲದಲ್ಲಿ ಎರಡು ಸಲ ‘ಒನ್ಸ್ ಮೋರ್’ ಹೇಳಿ ಎರಡು ಸಲ ಸಾಯಿಸಿದವರು. ನನ್ನ ಎದುರಿಗೆ ಚಹಾ ಇಟ್ಟು ಮೆಲ್ಲಗೆ ಹೇಳಿದರು: “ಒಲೆ ನೋಡ್ಕೊಳ್ಳೋ ಜಾಗ ಬರೋ ಸೋಮವಾರದವರೆಗೂ ನಿಮಗೇ ಹಿಡಿದಿಟ್ಟಿರ್ತೀನಿ. ಆಮೇಲೆ ಒಲೆ ಕಾಯಲ್ಲ ಮೇಷ್ಟ್ರೇ.” ಅವಮಾನ ಮಾಡಲು ಹೇಳಿದ ಮಾತಲ್ಲ. ಅದಕ್ಕೇ ಚಹಾ ಇಳಿಯಲಿಲ್ಲ.

ನಾಳೆ ಕನಕಪುರದ ದಿಕ್ಕು.

೭ ಫೆಬ್ರವರಿ, ಮಂಗಳವಾರ. ಹುಣಸೆಕಟ್ಟೆ, ಛತ್ರ

ಮಹಾಜನರೇ, ಇಂದು ನಡೆದದ್ದು ಹದಿನೈದು ಮೈಲಿ. ಅಂಗಾಲು ಎರಡೂ ಹಪ್ಪಳ. ಆದರೂ ಬರೆಯುತ್ತೇನೆ, ಇವತ್ತು ಕಂಡದ್ದನ್ನು ಬರೆಯದೆ ಮಲಗಿದರೆ ಎದೆ ಒಡೆದೀತು.

ಬೆಳಕು ಹರಿಯುವ ಮೊದಲೇ ಹೊರಟೆ. ರಾಮನಗರದ ಬಂಡೆಗಳು ಬೆನ್ನ ಹಿಂದೆ ಕುಳಿತ ಆನೆಗಳ ಹಾಗೆ ಇದ್ದವು. ಅರ್ಕಾವತಿಯಲ್ಲಿ ಮೊಣಕಾಲಷ್ಟು ನೀರು, ದಾಟಿದೆ. ಆ ದಡದಲ್ಲಿ ಶುರುವಾಯಿತು ನೋಡಿ, ಹಿಪ್ಪುನೇರಳೆ. ರಾಗಿ ಕೊಯ್ದ ಕೂಳೆಹೊಲಗಳ ನಡುವೆ ಬಾವಿಯಿದ್ದ ಕಡೆಯೆಲ್ಲ ಹಸಿರು ಚೌಕ. ಸೈಕಲ್ಲಿನ ಮೇಲೆ ಸೊಪ್ಪಿನ ಹೊರೆ ಬರುತ್ತದೆ, ಹೊರೆಯ ಹಿಂದೆ ಮನುಷ್ಯ ಇದ್ದಾನೋ ಇಲ್ಲವೋ ತಿಳಿಯದು.

ಮೊದಲನೇ ಊರಿನಲ್ಲಿ ಒಂದು ಮನೆಯ ಜಗಲಿಗೆ ಗೋಣಿಯ ಪರದೆ ಕಟ್ಟಿತ್ತು. ಪರದೆ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಒಳಗೆ ಏನೋ ಸರಸರ. ನಾಟಕ ಶುರುವಾಗುವ ಮುಂಚೆ ಜನ ಚಾಪೆಯ ಮೇಲೆ ಸರಿದು ಕೂರುವ ಸದ್ದೇ ಅದು. ಮೆಲ್ಲಗೆ ತುದಿ ಎತ್ತಿದೆನೋ ಇಲ್ಲವೋ, ಒಬ್ಬ ಮುದುಕಿ ಪೊರಕೆ ಹಿಡಿದು ಬಂದಳು. ಹೊರಗಿನವರ ನೆರಳು ಬಿದ್ದರೆ ಬೆಳೆ ಹೋಗುತ್ತದಂತೆ. ಎರಡನೇ ಊರಿನಲ್ಲಿ ನೀರು ಕೊಟ್ಟರು, ಆದರೆ ಬೀದಿಯಲ್ಲಿ. ಮೂರನೆಯದರಲ್ಲಿ ಭಜನೆಮನೆಗೇ ಬೀಗ, ಒಳಗೆ ಹುಳು. ನಾಲ್ಕು, ಐದು, ಅದೇ ಕಥೆ. ಹಿಂದೆ ದಾರಿ ನಡೆಯುವವನಿಗೆ ಯಾವ ಜಗಲಿಯಾದರೂ ಮನೆಯೇ. ಕಂಬಳಿ ಹಾಸಿಕೊಂಡು ಬಿದ್ದುಕೊಂಡರೆ ಬೆಳಿಗ್ಗೆ ಅಂಬಲಿ ಬರುತ್ತಿತ್ತು. ಈಗ ಜಗಲಿಗೆ ಬೇರೆ ನೆಂಟರು ಬಂದಿದ್ದಾರೆ.

ಕೋಪ ಬರಬೇಕಿತ್ತು. ಮಧ್ಯಾಹ್ನದವರೆಗೆ ಇತ್ತು ಕೂಡ. ಆಮೇಲೆ ಹುಣಸೆಹಣ್ಣು ಬಡಿಯುತ್ತಿದ್ದ ಒಬ್ಬ ಕುರಿಗಾಹಿ ಮುದುಕ ಸಿಕ್ಕಿದ. ಈ ಹುಳುವಿನಲ್ಲಿ ಅಂಥದ್ದೇನಿದೆ ಎಂದು ಅವನನ್ನು ಕೇಳಿದೆ. ಅವನು ಕೋಲು ಊರಿ ಹೇಳಿದ್ದು: “ಹುಳಕ್ಕೆ ನಾಕು ಸಲ ಜ್ವರ ಬತ್ತದೆ ಸ್ವಾಮಿ. ಜ್ವರಕ್ಕೋದಾಗ ತಿನ್ನಾಕಿಲ್ಲ, ಆಡಾಕಿಲ್ಲ. ಸುಮ್ನೆ ಇರ್ತದೆ. ಎದ್ದಾಗ ಹಳೇ ಚರ್ಮ ಬುಟ್ಟಿರ್ತದೆ.”

ನಾನು ಬಂಡೆಯ ಮೇಲೆ ಕುಳಿತೇ ಬಿಟ್ಟೆ. ನಾಲ್ಕು ಸಲ ಬಣ್ಣದ ಕೋಣೆಗೆ ಹೋಗಿ ನಾಲ್ಕು ಸಲ ವೇಷ ಬದಲಿಸಿ ಬರುವ ಪ್ರಾಣಿ! ಐದನೇ ಪ್ರವೇಶದಲ್ಲಿ ಏನು ಮಾಡುತ್ತದೆ ಎಂದು ಕೇಳಿದೆ. ಐದನೆಯದರಲ್ಲಿ ಎಂಟು ದಿನ ರಾಕ್ಷಸನ ಹಾಗೆ ತಿಂದು, ಆಮೇಲೆ ಬಾಯಿಂದ ನೂಲು ಬಿಟ್ಟು ತನ್ನ ಸುತ್ತ ತಾನೇ ಪರದೆ ಎಳೆದುಕೊಳ್ಳುತ್ತದಂತೆ. ಕಣ್ಣಾರೆ ನೋಡಲೇಬೇಕು ಎಂದೆ. ಹಾಗಾದರೆ ಹುಣಸೆಕಟ್ಟೆಯ ಛತ್ರಕ್ಕೆ ಹೋಗಿ, ಕಬ್ಬಾಳಮ್ಮನಿಗೆ ನಡೆದು ಹೋಗುವವರು ತಂಗುವ ಜಾಗ, ಅಲ್ಲಿ ಮನುಷ್ಯರನ್ನೂ ಇಟ್ಟುಕೊಳ್ಳುತ್ತಾರೆ ಎಂದ. ‘ಮನುಷ್ಯರನ್ನೂ’ ಎಂದದ್ದು ಯಾಕೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಹೊತ್ತು ಇಳಿಯುವಾಗ ತಲುಪಿದೆ. ಕಲ್ಲಿನ ಕಂಬ, ನಾಡಹೆಂಚಿನ ಮಾಡು, ಮುಂದೆ ಕೈತೊಟ್ಟಿ. ಛತ್ರ ನೋಡಿಕೊಳ್ಳುವವರು ಮಾಯಮ್ಮ, ಕುರಿ ಸಾಕುವ ಮನೆತನದವರು, ಐವತ್ತರ ಆಚೆ. ಬಾಗಿಲಲ್ಲೇ ತಡೆದರು. ಸುಣ್ಣದ ಪುಡಿ ಹಾಕಿದ ಗೋಣಿಯ ಮೇಲೆ ಕಾಲು ಒರೆಸಬೇಕು, ಕೈ ತೊಳೆಯಬೇಕು, ಘಮಘಮ ಎಣ್ಣೆ ಹಾಕಿದ್ದರೆ ತಲೆಯನ್ನೂ ತೊಳೆಯಬೇಕು.

“ಬೀಡಿ ಐತಾ?” ಎಂದರು.

“ನಾನು ಬೀಡಿ ಸೇದಲ್ಲ ಅವ್ವ,” ಎಂದೆ. ನಿಜವನ್ನೇ ಹೇಳಿದೆ.

“ಎಲೆಅಡ್ಕೆ ಜತೆ ಹೊಗೆಸೊಪ್ಪು?”

“ಅದೂ ಇಲ್ಲ.”

“ಸರಿ. ಹುಳ ಒಳಗೆ, ಮನುಷರು ಹೊರಗೆ. ಹೊರ ಹಜಾರದಲ್ಲಿ ಕಂಬಳಿ ಐತೆ.”

ಮುದ್ದೆ, ಹುರುಳಿ ಬಸ್ಸಾರು. ಹೊಟ್ಟೆಗೆ ಸ್ವರ್ಗ. ಮಗಳು ಬಾಣಂತನಕ್ಕೆ ಮಲಗಿರುವುದರಿಂದ ನಲವತ್ತು ತಟ್ಟೆ ಹುಳುವನ್ನು ಮಾಯಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿದೆ. ಇವರಿಗೆ ತೋಟವಿಲ್ಲ; ಲಕ್ಷ್ಮಯ್ಯ ಎಂಬುವರು ದಿನಕ್ಕೆ ಎರಡು ಹೊರೆ ಸೊಪ್ಪು ತಂದು ಹಾಕುತ್ತಾರೆ. ಈ ಬೆಳೆ ಕೈಗೆ ಬಂದರೆ ಛತ್ರದ ಸೋರುವ ಮಾಡಿಗೆ ಹೊಸ ಹೆಂಚು. ಬರದಿದ್ದರೆ ಮಳೆಗಾಲದಲ್ಲಿ ದಾರಿಹೋಕರೂ ಇಲ್ಲ, ಹುಳುವೂ ಇಲ್ಲ. ಇಷ್ಟನ್ನೂ ಅವರು ಸೊಪ್ಪು ಹಾಕುತ್ತಲೇ ಬಾಗಿಲ ಒಳಗಿನಿಂದ ಹೇಳಿದರು. ನಾನು ಹೊರಗೆ ನಿಂತು ಕತ್ತು ಉದ್ದ ಮಾಡಿದರೂ ಏನೂ ಕಾಣಲಿಲ್ಲ.

೮ ಫೆಬ್ರವರಿ, ಬುಧವಾರ. ಅಲ್ಲೇ

ಮಹಾಜನರೇ! ಎದ್ದು ನಿಲ್ಲಿ! ಚಪ್ಪಾಳೆ ತಟ್ಟುವವರು ತಟ್ಟಿ, ಶಿಳ್ಳೆ ಹಾಕುವವರು ನಾಲಿಗೆ ಮಡಿಚಿ! ಒಂದೇ ದಿನದಲ್ಲಿ ಎರಡು ವಿಜಯ.

ಮೊದಲನೆಯದು. ಬೆಳಿಗ್ಗೆ ಊರ ಯಜಮಾನ ಸಿದ್ದಯ್ಯನವರನ್ನು ಕಂಡೆ. ಹಾಲಿನ ಡೈರಿಯ ಮುಂದೆ ಇಡೀ ಊರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿತ್ತು, ಅಲ್ಲೇ ಅವರೂ ಇದ್ದರು. ನಾನು ಒಂದು ಚಿಟಿಕೆ ಏರಿಸಿ, ರಾಜಪಾರ್ಟಿನ ನಾಲ್ಕು ಮಾತು ಒಗೆದೆ. ಎಮ್ಮೆ ಬೆದರಿ ಒಬ್ಬರ ಹಾಲು ಚೆಲ್ಲಿತು. ಆದರೆ ಸಿದ್ದಯ್ಯ ಮೀಸೆಯಲ್ಲೇ ನಕ್ಕರು. ಹುಳು ಎಲ್ಲ ಇನ್ನು ವಾರದಲ್ಲಿ ಗೂಡು ಕಟ್ಟುತ್ತವೆ, ಊರಿಗೆ ಕೈಬಿಡುವು, ಯುಗಾದಿಗೆ ನಾಟಕ ಆಡೋಣ, ಎಂದರು. “ಸುಕ್ರವಾರ ಬೆಳಗ್ಗೆ ವೀಳ್ಯ ತಕಳಿ ಮೇಷ್ಟ್ರೇ. ನಮ್ಮೂರಲ್ಲಿ ಕೊಟ್ಟ ಮಾತು ತಪ್ಪಂಗಿಲ್ಲ, ನೀವೂ ಅಷ್ಟೇ, ನೆಟ್ಟಗಿರಬೇಕು.” ತಾಜ್ ಪಾಷಾ ಅವರ ಒಲೆ ಬೇರೆ ಯಾರನ್ನಾದರೂ ಸುಡಲಿ.

ಎರಡನೆಯದು ಇನ್ನೂ ದೊಡ್ಡದು. ಮಧ್ಯಾಹ್ನ ಮಾಯಮ್ಮನಿಗೆ ಸೊಂಟ ಹಿಡಿದುಕೊಂಡಿತು. ಮೇಲಿನ ಸಾಲುಗಳಿಗೆಲ್ಲ ಸೊಪ್ಪು ಹಾಕಿದ್ದರು, ಕೆಳಗಿನ ಮೂರು ತಟ್ಟೆಗೆ ಬಗ್ಗಲು ಆಗಲಿಲ್ಲ. ನಾನು ಹಾಕುತ್ತೇನೆ ಎಂದೆ. ಬೇಡ ಎಂದರು. ಎರಡು ಸಲ ಬೇಡಿದೆ. ಕೈ ತೊಳೆಸಿ, ಕಾಲು ಒರೆಸಿ ಒಳಗೆ ಬಿಟ್ಟರು. ತಾವು ಹಿತ್ತಲಿಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕೂತರು.

ಎಂಥ ದರ್ಶನ ಸ್ವಾಮಿ! ಬೆರಳು ಗಾತ್ರದ ಬೂದಿಬಿಳಿ ಹುಳುಗಳು, ಸಾವಿರ ಸಾವಿರ, ಒಂದಕ್ಕೊಂದು ತಾಗಿಕೊಂಡು ಬರೀ ತಿನ್ನುತ್ತಿವೆ. ಸಭೆ ಅಂದರೆ ಇದು. ಇಂಥ ತುಂಬಿದ ಸಭೆಯೆದುರು ನಾನು ಬಾಯಿ ಬಿಟ್ಟು ಎಷ್ಟು ತಿಂಗಳಾಯಿತು? ಅಭ್ಯಾಸಬಲ, ಒಂದು ಚಿಟಿಕೆ ಏರಿಸಿದೆ. ಆಮೇಲೆ ಎರಡೂ ಕೈಯಲ್ಲಿ ಸೊಪ್ಪು ಎತ್ತಿ, ಉದುರಿಸುತ್ತ ಉದುರಿಸುತ್ತ, ತಗ್ಗಿದ ದನಿಯಲ್ಲಿ ರಾಜನ ಕೊನೆಯ ದೃಶ್ಯದ ಮಾತು ಹೇಳಿದೆ. ಮೂರು ತಟ್ಟೆಗೂ ಹೇಳಿದೆ.

ಮುಗಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮೊದಲನೇ ತಟ್ಟೆಯಲ್ಲಿ ಒಂದು ಹುಳು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿತು. ಅದರ ಪಕ್ಕದ್ದು ಎತ್ತಿತು. ನೂರು ಎತ್ತಿದವು. ಎದೆಯ ಮಟ್ಟ ಎದ್ದು ನಿಂತು, ಎಡಕ್ಕೆ ಬಲಕ್ಕೆ ತೂಗತೊಡಗಿದವು. ಮೇಲಿನ ಸಾಲಿನ ಹುಳುಗಳು ಕೇಳಿಸಿಕೊಳ್ಳಲೇ ಇಲ್ಲ, ತಿನ್ನುತ್ತಲೇ ಇದ್ದವು. ನನ್ನ ಮೂರು ತಟ್ಟೆ ಮಾತ್ರ ತೂಗಿದವು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷದಲ್ಲಿ ಯಾವ ಊರೂ ಹಾಗೆ ಕೇಳಿಸಿಕೊಂಡಿರಲಿಲ್ಲ.

ಮಾಯಮ್ಮನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

೯ ಫೆಬ್ರವರಿ, ಗುರುವಾರ. ಬೆಳಿಗ್ಗೆ

ಆ ಮೂರು ತಟ್ಟೆಯ ಹುಳುಗಳಿಗೆ ವಿಷ ತಗುಲಿದೆ.

ನಿನ್ನೆ ನಾನು ಪುಸ್ತಕ ಮುಚ್ಚಿದ ಮೇಲೆ ಮಾಯಮ್ಮ ಸಂಜೆಯ ಸೊಪ್ಪಿಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿದೆ. ಹುಳುಗಳು ಹಸಿರು ನೀರು ಕಾರಿಕೊಂಡು, ಮೈ ಗಿಡ್ಡವಾಗಿ ಮಲಗಿದ್ದವು. ಅವರು ಕೂಗಲಿಲ್ಲ. ಮೂರು ತಟ್ಟೆಯನ್ನೂ ಎತ್ತಿ ಗಾಳಿ ಆಡುವ ಕಡೆ ಇಟ್ಟು, ಬೇರೆ ಸೊಪ್ಪು ಎರಡೇ ಹಿಡಿ ಹರಡಿ, “ಹೊಗೆಸೊಪ್ಪಿನ ಇಸ ಇದು,” ಎಂದರು. ಆ ವಿಷ ತಾಗಿದರೆ ಹುಳು ಮೊದಲು ತಲೆ ಎತ್ತಿ ತೂಗುತ್ತದಂತೆ.

ಲಕ್ಷ್ಮಯ್ಯ ತನ್ನ ಬಾಯಿಗೆಂದು ತೋಟದ ಅಂಚಿನಲ್ಲಿ ನಾಲ್ಕು ಹೊಗೆಸೊಪ್ಪಿನ ಗಿಡ ಬೆಳೆಯುತ್ತಾನಂತೆ. ಹೊರೆಯ ತಳದ ಸೊಪ್ಪು ಆ ಅಂಚಿನದು, ಆ ತಳದ ಸೊಪ್ಪೇ ಈ ಮೂರು ತಟ್ಟೆಗೆ ಬಿತ್ತು, ಎಂದು ಮಾಯಮ್ಮನ ಲೆಕ್ಕ. ಇವತ್ತು ಡೈರಿಯ ಮುಂದೆ, ಇಡೀ ಊರಿನ ಎದುರು, ಹಾಗೆಂದು ಹೇಳಿದರು. ಲಕ್ಷ್ಮಯ್ಯ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ. ಕುಳ್ಳಗಿನ ಮನುಷ್ಯ. ಇಲ್ಲ ಕಣವ್ವ ಎಂದು ಎರಡು ಸಲ ಅಂದ, ಯಾರೂ ಕೇಳಿಸಿಕೊಳ್ಳಲಿಲ್ಲ. ಅವನ ಸೊಪ್ಪನ್ನು ಯಾರೂ ಮುಟ್ಟಬೇಡಿ ಎಂದು ಸಿದ್ದಯ್ಯ ಹೇಳಿಬಿಟ್ಟರು. ಅವನು ಸಾಲು ಬಿಟ್ಟು ಹಾಲನ್ನು ಹಾಗೇ ಮನೆಗೆ ವಾಪಸ್ಸು ಒಯ್ದ.

ಉಳಿದ ಹೊರೆಯನ್ನು ಮಾಯಮ್ಮ ಒದ್ದೆ ಗೋಣಿಯಿಂದ ಮುಚ್ಚಿ ಮೂಲೆಗೆ ಹಾಕಿದ್ದಾರೆ. ಬೇರೆ ಮನೆಗಳಲ್ಲಿ ಕೇಳಿ ಬಂದರು. ಎಲ್ಲರ ಹುಳುವೂ ಐದನೇ ಹಂತದಲ್ಲಿದೆ, ಒಂದು ಕಡ್ಡಿ ಕೊಡುವಂತಿಲ್ಲ. ಬೆಳಿಗ್ಗೆಯಿಂದ ಮೂವತ್ತೇಳು ತಟ್ಟೆ ಹಸಿದಿದೆ.

ಅವು ತೂಗಿದ್ದು ನನ್ನ ಮಾತಿಗಲ್ಲ. ಅದನ್ನು ಬರೆದು ಹಾಕಬೇಕು ಅನ್ನಿಸಿತು, ಬರೆದೆ.

ಹೊಗೆಸೊಪ್ಪಿನ ಗಿಡ ಎಷ್ಟು ದೂರದಿಂದ ಸೊಪ್ಪನ್ನು ಕೆಡಿಸುತ್ತದೆ? ಲಕ್ಷ್ಮಯ್ಯನ ತೋಟವನ್ನು ನೋಡಿ ಬರುತ್ತೇನೆ.

೯ ಫೆಬ್ರವರಿ, ಸಂಜೆ

ಲಕ್ಷ್ಮಯ್ಯನ ತೋಟ ಊರಿಂದ ಅರ್ಧ ಮೈಲಿ, ಬಂಡೆಯ ಮಗ್ಗುಲಲ್ಲಿ. ಅವನು ಸಾಲಿನ ನಡುವೆ ಕಳೆ ಕೀಳುತ್ತಿದ್ದ. ಕತ್ತರಿಸಬೇಕಾದ ಸೊಪ್ಪು ಹಾಗೇ ನಿಂತಿತ್ತು. ನಾನು ಛತ್ರದಲ್ಲಿ ಇಳಿದವನು ಎಂದ ಕೂಡಲೇ ಬೆನ್ನು ತಿರುಗಿಸಿದ. ನಾನು ಯಾರ ಪರವಾಗಿಯೂ ಬಂದಿಲ್ಲ, ಸುಮ್ಮನೆ ತಿಳಿಯಬೇಕೆಂದು ಬಂದೆ, ಎಂದೆ. ಅವನು ಎದ್ದು ಕೈ ಝಾಡಿಸಿ ಬಾವಿಯ ಆಚೆಗೆ ಕರೆದುಕೊಂಡು ಹೋದ. ಹೊಗೆಸೊಪ್ಪಿನ ಗಿಡಗಳನ್ನು ಸಂಕ್ರಾಂತಿಗೆ ಮೊದಲೇ ಕಿತ್ತಿದ್ದಾನೆ. ಒಣಗಿದ ನಾಲ್ಕು ಬುಡ ಇದ್ದವು, ಅದೂ ಹಿಪ್ಪುನೇರಳೆಯಿಂದ ಒಂದು ಕೂಗಳತೆ ದೂರ. ಒಂದು ಬುಡವನ್ನು ಕಿತ್ತು ನನ್ನ ಕೈಯಲ್ಲಿಟ್ಟ, ಸಾಕ್ಷಿಗೆ.

ಅವನ ಮನೆಯಲ್ಲಿ ಹುಳು ಇಲ್ಲ. ಮಣ್ಣಿನ ಗೋಡೆಯ ಒಂದೇ ಕೋಣೆ. ಸೊಪ್ಪೇ ಅವನ ಬೆಳೆ, ಅದು ಕೂಡ ಇನ್ನು ಮೂರು ದಿನಕ್ಕೆ ಬಲಿತು ಗೊಬ್ಬರದ ಗುಂಡಿಗೇ. ಇಪ್ಪತ್ತು ವರ್ಷದಿಂದ ಈ ಊರಿನ ಹುಳುಗಳು ತನ್ನ ಎಲೆ ತಿಂದು ಗೂಡು ಕಟ್ಟಿವೆ ಎಂದು ಹೇಳಿಕೊಂಡ. ಎಲ್ಲಿ ಯಾರ ಮನೆಯ ಬೆಳೆ ಚೆನ್ನಾಗಿ ಬಂತು ಎಂದು ಹೆಸರು ಹಿಡಿದು ಹೇಳಿದ. ನಾನು ಕೇಳುತ್ತಲೇ ಕುಳಿತೆ. ನಾನು ಮೇಷ್ಟ್ರು ಎಂದು ಹೇಳಲು ಮರೆತೇ ಹೋಯಿತು.

ಆಮೇಲೆ ಲಕ್ಷ್ಮಯ್ಯ ಕೇಳಿದ: “ಒಂದೇ ಹೊರೆ ಸೊಪ್ಪು ಸ್ವಾಮಿ. ನಲವತ್ತು ತಟ್ಟೆಗೂ ಅದೇ. ಮೂರಕ್ಕೆ ಮಾತ್ರ ಇಸ ಹೆಂಗೆ ಬಂತು? ಆ ಮೂರಕ್ಕೆ ಕೈಯಾಕುದೋರು ಯಾರು, ಅದನ್ನ ಕೇಳ್ನಿಲ್ಲ ಯಾರೂ.”

ನಾನು ಉತ್ತರ ಕೊಡಬೇಕಿತ್ತು. ಉತ್ತರಕ್ಕೆ ಮುಂಚೆ ಕಂಠ ತೆರೆಯಲೆಂದು ಕೈ ತಾನಾಗಿ ಜೇಬಿಗೆ ಹೋಗಿ ಡಬ್ಬಿ ತೆಗೆಯಿತು, ಹೆಬ್ಬೆರಳು ತೋರುಬೆರಳು ಚಿಟಿಕೆ ಹಿಡಿದವು. ಅದು ಮೂಗಿನವರೆಗೂ ಹೋಗಲಿಲ್ಲ. ಬೆರಳ ತುದಿಯ ಕಂದು ಪುಡಿಯನ್ನು ನೋಡಿದೆ. ಹೊಗೆಸೊಪ್ಪನ್ನು ಒಣಗಿಸಿ, ಅರೆದು, ತುಪ್ಪ ಹಾಕಿ ಮಾಡುವುದೇ ನಶ್ಯ. ಅಂಗಡಿಯವನು ಹಾಗೆ ಮಾಡುವುದನ್ನು ನಾನೇ ಎಷ್ಟೋ ಸಲ ನಿಂತು ನೋಡಿದ್ದೇನೆ. ಮೂವತ್ತು ವರ್ಷದಿಂದ ಅದನ್ನು ಔಷಧಿ ಎಂದು ಕರೆದು ಕರೆದು, ಅದು ಎಲೆ ಎಂಬುದೇ ಮರೆತಿದ್ದೆ.

ಲಕ್ಷ್ಮಯ್ಯ ನನ್ನ ಕೈಯನ್ನು ನೋಡಲಿಲ್ಲ. ಅವನು ತೋಟವನ್ನು ನೋಡುತ್ತಿದ್ದ. ನಾನು ಬರುತ್ತೇನೆಂದು ಹೇಳಿ ಎದ್ದೆ.

ಬಾವಿಯ ಬಳಿ ಮಣ್ಣು ಹಾಕಿ ಕೈ ಉಜ್ಜಿ ತೊಳೆದೆ. ರಸ್ತೆಗೆ ಬಂದೆ. ಕನಕಪುರದ ಕಡೆ ಹೋಗುವ ನಾಲ್ಕು ಗಂಟೆಯ ಬಸ್ಸು ಬಂತು. ಚೀಲ ಛತ್ರದಲ್ಲಿತ್ತು, ಆದರೆ ಚೀಲದಲ್ಲಿ ಏನಿದೆ, ಎರಡು ಪಂಚೆ. ಕಂಡಕ್ಟರು ಬಾಗಿಲ ಕಂಬಿ ಹಿಡಿದು ನನ್ನನ್ನೇ ನೋಡಿದ. ಹತ್ತಲಿಕ್ಕೆ ಒಂದು ಕಾಲು ಎತ್ತಿದ್ದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಆಮೇಲೆ ಕೈ ಆಡಿಸಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು.

ಛತ್ರದಲ್ಲಿ ಮಾಯಮ್ಮ ಹುಳುಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಒಳಗೆ ಸರಸರ ಸದ್ದು ಇರಲಿಲ್ಲ. ಹಸಿದ ಹುಳುಗಳು ಸೊಪ್ಪು ಹುಡುಕಿಕೊಂಡು ತಟ್ಟೆಯ ಅಂಚಿಗೆ ಬಂದಿದ್ದವು, ಕೆಲವು ನೆಲಕ್ಕೆ ಬಿದ್ದಿದ್ದವು. ಅವರು ಒಂದೊಂದನ್ನೇ ಎತ್ತಿ ವಾಪಸ್ಸು ಇಡುತ್ತಿದ್ದರು. ನಾನು ಹೇಳಿದೆ. ಎರಡು ಹೊಲ ದಾಟಿ ಕೇಳುವ ಕಂಠ ಎರಡು ಮೊಳ ದಾಟಲಿಲ್ಲ.

“ಏನಂದ್ರಿ?” ಎಂದರು.

ಮತ್ತೆ ಹೇಳಿದೆ. ಡಬ್ಬಿಯನ್ನು ನೆಲದ ಮೇಲಿಟ್ಟೆ.

ಅವರು ಡಬ್ಬಿಯನ್ನು ಮುಟ್ಟಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಸೊಂಟ ಹಿಡಿದುಕೊಂಡೇ ಎದ್ದು ಮೂಲೆಗೆ ಹೋಗಿ ಒದ್ದೆ ಗೋಣಿ ಎಳೆದರು. ಸೊಪ್ಪು ಇನ್ನೂ ಹಸಿಯಾಗಿತ್ತು. ಮೇಲಿನ ಸಾಲಿನಿಂದ ಹಾಕುತ್ತ ಬಂದರು. ಒಂದು ತಟ್ಟೆ, ಎರಡು ತಟ್ಟೆ, ನಿಧಾನವಾಗಿ ಸದ್ದು ಮರಳಿ ಹುಟ್ಟಿತು. ಹತ್ತನೇ ತಟ್ಟೆಯ ಹೊತ್ತಿಗೆ ಇಡೀ ಮನೆ ತಿನ್ನುತ್ತಿತ್ತು. ನಾನು ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡೆ. ಆಗ ಅವರು ಒಳಗಿನಿಂದಲೇ ಹೇಳಿದ್ದು: “ನಿಮ್ಮನ್ನ ಬೈಯ್ಯಾಕೆ ಆಮೇಲೆ ಬತ್ತೀನಿ ಮೇಷ್ಟ್ರೇ. ಮೊದ್ಲು ಈ ಹಸಿದ ಹೊಟ್ಟೆ ತುಂಬುಸ್ಲಿ.”

ಗಾಳಿಗೆ ಇಟ್ಟ ಮೂರು ತಟ್ಟೆಯಲ್ಲಿ ಅರ್ಧದಷ್ಟು ಚೇತರಿಸಿಕೊಂಡಿವೆ. ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿದೆವು. ಗುಂಡಿ ತೋಡಿದ್ದು ನಾನು. ಬೈಗುಳ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು.

ಹೊರೆ ಇವತ್ತಿಗೆ ಮುಗಿಯಿತು. ನಾಳೆಯಿಂದ ಮೂರು ದಿನದ ಸೊಪ್ಪು ಲಕ್ಷ್ಮಯ್ಯನ ತೋಟದಲ್ಲೇ ಇದೆ. ಮಾಯಮ್ಮ ಅವನ ಮನೆಗೆ ಹೋಗಿ ಬಂದರು. ಕುಂಟುತ್ತ ಹೋಗಿ ಕುಂಟುತ್ತ ಬಂದು ಕಂಬಕ್ಕೆ ಒರಗಿ ಕೂತರು. ಸೊಪ್ಪು ತನ್ನದೇ, ಒಲ್ಲೆ ಅನ್ನುವುದಿಲ್ಲ, ಆದರೆ ಯಾವ ಜಾಗದಲ್ಲಿ ತನ್ನ ಸೊಪ್ಪು ವಿಷ ಅಂದರೋ ಅದೇ ಜಾಗದಲ್ಲಿ, ಅಷ್ಟೇ ಜನರ ಎದುರು, ಅಲ್ಲ ಅನ್ನಬೇಕು, ಆಮೇಲೆ ಕುಡುಗೋಲು ಹಿಡಿಯುತ್ತೇನೆ ಎಂದನಂತೆ. ನನ್ನ ಡಬ್ಬಿಯ ವಿಷಯ ಅವನಿಗೆ ಮಾಯಮ್ಮ ಹೇಳಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾಳೆ ಸಿದ್ದಯ್ನೋರು ನಿಮಗೆ ವೀಳ್ಯ ಕೊಡೋರು ಅಲ್ವಾ,” ಎಂದರು. “ಅವರಿಗೆ ಗೊತ್ತಾದ್ರೆ ಎಲೆಅಡ್ಕೆ ಅಲ್ಲ, ದಾರಿ ತೋರುಸ್ತಾರೆ. ನಾನೇ ತಪ್ಪು ತಿಳ್ಕಂಡೆ, ಹುಳಕ್ಕೆ ಬಿಸಿಲು ಬಡ್ದಿತ್ತು ಅಂತ ಅಂದ್ಬುಡ್ತೀನಿ. ಹೆಂಗಸು ಬಾಯಿ, ಊರು ನಂಬ್ತದೆ. ನಿಮ್ಮ ಹೆಸರು ಬ್ಯಾಡ.”

ಅವರು ಹೇಳಿದ್ದು ಸರಿಹೋಗುತ್ತದೆ. ಲಕ್ಷ್ಮಯ್ಯನ ಸೊಪ್ಪಿಗೆ ಒಳ್ಳೆಯ ಹೆಸರು ಬರುತ್ತದೆ, ಹುಳುಗಳಿಗೆ ಎಲೆ ಬರುತ್ತದೆ, ನನ್ನ ಹರಿವಾಣ ಬರುತ್ತದೆ, ಸರಸಮ್ಮ ಹಾರ್ಮೋನಿಯಮ್ಮಿಗೆ ಹೂ ಮುಡಿಸುತ್ತಾಳೆ. ಇಪ್ಪತ್ತು ವರ್ಷ ಹುಳು ಸಾಕಿದವರು ಬಿಸಿಲಿಗೂ ವಿಷಕ್ಕೂ ವ್ಯತ್ಯಾಸ ತಿಳಿಯದವರು ಎಂದು ಊರು ಇನ್ನು ಇಪ್ಪತ್ತು ವರ್ಷ ನಗುತ್ತದೆ. ಅದನ್ನು ಅವರು ಎಣಿಸಿಯೇ ಹೇಳಿದ್ದು. ನನಗೆ ಕಂಬಳಿ ಕೊಟ್ಟಷ್ಟೇ ಸಲೀಸಾಗಿ ಹೇಳಿದರು.

ಇದನ್ನು ಬರೆಯುವ ಮೊದಲು ನಾಳೆಯ ಮಾತನ್ನು ನಾಲ್ಕು ಥರ ಬರೆದು ನೋಡಿದೆ. ಮೊದಲನೆಯದು ಎರಡು ಪುಟ ಆಯಿತು, ಅದರಲ್ಲಿ ನಾನೇ ದೊಡ್ಡ ತ್ಯಾಗಿಯಾಗಿ ಕಂಡೆ. ಹರಿದೆ. ಎರಡನೆಯದರಲ್ಲಿ ವಿಧಿಯನ್ನು ಬೈದಿದ್ದೆ. ಮೂರನೆಯದು ಪದ್ಯವಾಗಲು ಹವಣಿಸುತ್ತಿತ್ತು. ಒಲೆಗೆ ಹಾಕಿದ್ದೇನೆ. ಉಳಿದದ್ದು ಒಂದೇ ಸಾಲು: ಆ ಮೂರು ತಟ್ಟೆಗೆ ಸೊಪ್ಪು ಹಾಕಿದ್ದು ನಾನು, ನಶ್ಯ ಮುಟ್ಟಿದ ಕೈಯಲ್ಲಿ.

ಡೈರಿ ಐದೂವರೆಗೆ ತೆಗೆಯುತ್ತದಂತೆ. ನಾಳೆ ಬೆಳಿಗ್ಗೆ ಮಾಯಮ್ಮ ಏಳುವ ಮೊದಲೇ ಅವರ ಹಾಲಿನ ಕ್ಯಾನು ಹಿಡಿದು ಹೋಗುತ್ತೇನೆ. ಸಾಲು ತುಂಬುವವರೆಗೂ ಕಾಯುತ್ತೇನೆ, ಲಕ್ಷ್ಮಯ್ಯ ಬಂದು ನಿಲ್ಲುವವರೆಗೂ, ಸಿದ್ದಯ್ಯನವರು ಹರಿವಾಣ ತರುವವರೆಗೂ. ಆ ಒಂದು ಸಾಲು ಹೇಳುತ್ತೇನೆ. ಕೊನೆಯಲ್ಲಿ ನಿಂತವನಿಗೆ ಕೇಳಿಸದಿದ್ದರೆ ಅವನ ಹತ್ತಿರ ನಡೆದು ಹೋಗಿ ಹೇಳುತ್ತೇನೆ. ಆಮೇಲೆ ಲಕ್ಷ್ಮಯ್ಯ ಬಿಟ್ಟರೆ ಅವನ ಹಿಂದೆಯೇ ತೋಟಕ್ಕೆ ಹೋಗಿ ಸೊಪ್ಪು ಹೊರುತ್ತೇನೆ. ಬಿಡದಿದ್ದರೆ ಬೇಲಿಯ ಹೊರಗೆ ನಿಂತು ಅವನು ಕತ್ತರಿಸಿ ಕೊಟ್ಟದ್ದನ್ನು ಹೊರುತ್ತೇನೆ.